ಮೂರು ಗ್ರೇ ಶೇಡ್, ನೋಡಲು ಒಂದೇ ಥರ: ಯಾವುದನ್ನು ಹೊಡೆಸಬೇಕು?

ಪ್ರಶ್ನೆ: ಹಾಲ್‌ಗೆ ತಿಳಿ ಗ್ರೇ ಹೊಡೆಸಬೇಕು. ಶೇಡ್ ಕಾರ್ಡಿನಲ್ಲಿ ಮೂರು ಗ್ರೇಗಳು ಒಂದೇ ಥರ ಕಾಣುತ್ತವೆ. ಆದರೆ ಪಕ್ಕದ ಮನೆಯವರ ಗ್ರೇ ಗೋಡೆಗೆ ಬಂದ ಮೇಲೆ ನೀಲಿಯಾಗಿದೆ. ಹೇಗೆ ಆರಿಸುವುದು?

ಉತ್ತರ: ಕಾರ್ಡಿನಲ್ಲಿರುವ ಬಹುತೇಕ ಗ್ರೇಗಳು ಬರೀ ಕಪ್ಪು-ಬಿಳುಪಿನ ಮಿಶ್ರಣವಲ್ಲ. ಅಂಗಡಿಯ ಟಿಂಟಿಂಗ್ ಮಶಿನ್ ಬಿಳಿ ಬೇಸ್‌ಗೆ ಕಪ್ಪಿನ ಜೊತೆ ಚೂರು ಹಳದಿ, ಕೆಂಪು, ಹಸಿರು ಅಥವಾ ನೀಲಿಯನ್ನೂ ಬಿಡುತ್ತದೆ. ಆ ಚೂರೇ ದೊಡ್ಡ ಗೋಡೆಯಲ್ಲಿ ಎದ್ದು ಕಾಣುವುದು. ಕಪ್ಪೊಂದನ್ನೇ ಬೆರೆಸಿದರೂ ತಿಳಿ ಗ್ರೇ ನೀಲಿಯ ಕಡೆಗೇ ವಾಲುತ್ತದೆ.

ಒಳಗಿನ ಬಣ್ಣ ಯಾವುದೆಂದು ತಿಳಿಯಲು ಕಾರ್ಡಿನಲ್ಲಿ ಅದೇ ಪಟ್ಟಿಯ ಅತಿ ಗಾಢ ಶೇಡ್ ನೋಡಿ. ತಿಳಿ ಶೇಡಿನಲ್ಲಿ ಅಡಗಿರುವ ನೀಲಿ, ಹಸಿರು, ನೇರಳೆ ಸಾಮಾನ್ಯವಾಗಿ ಅಲ್ಲಿ ಗೊತ್ತಾಗುತ್ತದೆ. ಮೂರನ್ನೂ ಬಿಳಿ ಎ4 ಹಾಳೆಯ ಮೇಲೆ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಇನ್ನೂ ಸ್ಪಷ್ಟ. ಮೊಬೈಲ್ ಪರದೆಯನ್ನು ಮಾತ್ರ ನಂಬಬೇಡಿ.

ಉತ್ತರದ ಕಿಟಕಿಯಿಂದ ಬರುವುದು ಹೆಚ್ಚಾಗಿ ಆಕಾಶದ ನೀಲಿ ಬೆಳಕು. ಅಲ್ಲಿ ನೀಲಿ ಗ್ರೇ ಮಂಕಾಗಿ, ತಣ್ಣಗೆ ಕಾಣುತ್ತದೆ. ಅಂಥ ಕೋಣೆಗೆ ಹಳದಿ ಬೆರೆತ, ಬೀಜ್ (ತಿಳಿ ಮರಳಿನ ಬಣ್ಣ) ಕಡೆಗಿರುವ ಗ್ರೇಯೇ ಸರಿ. ಪಶ್ಚಿಮದ ಕೋಣೆಗೆ ಸಂಜೆ ಬಿಸಿಲು ತಾನೇ ಹಳದಿ ತರುತ್ತದೆ, ನೀಲಿ ಗ್ರೇ ನಡೆಯುತ್ತದೆ. ಕಿಟಕಿಯಾಚೆ ತೆಂಗು, ಮಾವು ಇದ್ದರೆ ಗೋಡೆಗೆ ಹಸಿರು ಬರುತ್ತದೆ. ರೆಡ್ ಆಕ್ಸೈಡ್ ನೆಲವಿದ್ದರೆ ಗೋಡೆಯ ಕೆಳಭಾಗಕ್ಕೆ ಕೆಂಪು ಹೊಡೆಯುತ್ತದೆ. ಬಲ್ಬಿನ ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. ರಾತ್ರಿ 6500 ಕೆಲ್ವಿನ್‌ನ ಎಲ್‌ಇಡಿ ನೀಲಿಯನ್ನು ಹೆಚ್ಚಿಸಿದರೆ, 3000ದ್ದು ಅದೇ ಗೋಡೆಯನ್ನು ಹಳದಿಗೆ ಎಳೆಯುತ್ತದೆ. ಪಕ್ಕದ ಮನೆಯಲ್ಲಿ ತಪ್ಪಿದ್ದು ಬಲ್ಬೇ ಇರಬಹುದು, ಮೊದಲು ಅದನ್ನು ನೋಡಲು ಹೇಳಿ.

ಸ್ಯಾಂಪಲ್ ನೋಡದೆ ದಯವಿಟ್ಟು ಪೂರ್ತಿ ಪೇಂಟ್ ತರಬೇಡಿ. ಎರಡಡಿ ಚೌಕದ ಪ್ಲೈವುಡ್ ತುಂಡಿಗೆ ಬಿಳಿ ಪ್ರೈಮರ್ ಹೊಡೆದು, ಮೇಲೆ ಎರಡು ಕೋಟ್ ಹಾಕಿ. ಕೋಟ್‌ಗಳ ನಡುವೆ ನಾಲ್ಕು ಗಂಟೆ ಬಿಡಿ. ಹಸಿ ಎಮಲ್ಷನ್ (ನೀರು ಬೆರೆಸುವ ಗೋಡೆ ಪೇಂಟ್) ಒಣಗಿದ ಮೇಲೆ ಗಾಢವಾಗುವುದೇ ಹೆಚ್ಚು, ಆದ್ದರಿಂದ ಒಂದು ರಾತ್ರಿ ಕಾಯಿರಿ. ಸುತ್ತ ಎರಡಿಂಚು ಬಿಳಿ ಅಂಚು ಉಳಿಸಿ. ಹಳೆಯ ಹಳದಿ ಗೋಡೆಗೇ ಸ್ಯಾಂಪಲ್ ಹೊಡೆದರೆ ಸುತ್ತಲಿನ ಹಳದಿಯಿಂದಾಗಿ ಯಾವ ಗ್ರೇಯೂ ನೀಲಿಯಾಗಿಯೇ ಕಾಣುತ್ತದೆ. ಹಲಗೆಯನ್ನು ಕಿಟಕಿ ಪಕ್ಕ, ಎದುರು ಗೋಡೆ, ಮೂಲೆ ಎಲ್ಲ ಕಡೆ ನಿಲ್ಲಿಸಿ, ಬೆಳಿಗ್ಗೆ, ಸಂಜೆ ಮತ್ತು ಲೈಟ್ ಹಾಕಿ ನೋಡಿ. ನೀವು ಹಾಲ್‌ನಲ್ಲಿ ಹೆಚ್ಚು ಕೂರುವ ಹೊತ್ತಿನಲ್ಲಿ ಚೆನ್ನಾಗಿ ಕಂಡದ್ದೇ ನಿಮ್ಮ ಶೇಡ್. ಎರಡರ ನಡುವೆ ಅನುಮಾನ ಉಳಿದರೆ ಹೆಚ್ಚು ತಿಳಿಯಾಗಿರುವುದನ್ನೇ ಹಿಡಿಯಿರಿ. ನಾಲ್ಕೂ ಗೋಡೆಗೆ ಬಂದಾಗ ಬಣ್ಣ ಕಾರ್ಡಿಗಿಂತ ಗಾಢ ಅನ್ನಿಸುತ್ತದೆ.

ಪೇಂಟನ್ನು ಒಂದೇ ಅಂಗಡಿಯಲ್ಲಿ, ಒಂದೇ ಸಲ ತನ್ನಿ. ಶೇಡ್ ಕೋಡ್ ಅದೇ ಇದ್ದರೂ ಡಬ್ಬದಿಂದ ಡಬ್ಬಕ್ಕೆ ಕೊಂಚ ಬದಲಾಗಬಹುದು, ಗ್ರೇಯಲ್ಲಿ ಅದು ಬೇಗ ಕಣ್ಣಿಗೆ ಬೀಳುತ್ತದೆ. ಎಲ್ಲ ಡಬ್ಬಗಳನ್ನೂ ದೊಡ್ಡ ಬಕೆಟ್ಟಿಗೆ ಸುರಿದು ಕಲಸಿ ಹೊಡೆಯಲು ಪೇಂಟರ್‌ಗೆ ಹೇಳಿ. ಟಚಪ್‌ಗೆ ಅರ್ಧ ಲೀಟರ್ ಮುಚ್ಚಿಟ್ಟು, ಡಬ್ಬದ ಲೇಬಲ್ಲಿನ ಫೋಟೊ ತೆಗೆದಿಟ್ಟುಕೊಳ್ಳಿ.