ಬ್ಲಾಕ್ ಕಟ್ಟುವ ಅಧಿಕಾರ ಪೂಲ್‌ಗಳ ಕೈಗೆ ಹೋದದ್ದು ಹೇಗೆ?

2008ರ ಅಕ್ಟೋಬರ್ 31ರಂದು ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಪ್ರಕಟವಾದ, ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣದ ಮೂಲ ಪ್ರಬಂಧ, ಒಂದು ಸಿಪಿಯುಗೆ ಒಂದು ಮತ ಎಂಬ ಲೆಕ್ಕದ ಮೇಲೆ ನಿಂತಿತ್ತು. ಬ್ಯಾಂಕಿಲ್ಲ, ಯಜಮಾನನಿಲ್ಲ. ಯಾವ ವ್ಯವಹಾರ ದಾಖಲಾಗಬೇಕು ಎಂಬುದನ್ನು ಜಗತ್ತಿನಾದ್ಯಂತ ಹರಡಿಕೊಂಡ ಕಂಪ್ಯೂಟರ್‌ಗಳೇ ತೀರ್ಮಾನಿಸಬೇಕಿತ್ತು. ಇಂದು ಆ ತೀರ್ಮಾನ ಬಹುಪಾಲು ಬೆರಳೆಣಿಕೆಯ ಮೈನಿಂಗ್ ಪೂಲ್‌ಗಳ, ಅಂದರೆ ಹಲವರ ಯಂತ್ರಬಲವನ್ನು ಒಟ್ಟುಗೂಡಿಸುವ ಕೂಟಗಳ, ಸರ್ವರ್‌ಗಳಲ್ಲಿ ಆಗುತ್ತಿದೆ. ಇದನ್ನು ಯಾರೂ ಸಂಚು ಹೂಡಿ ತಂದದ್ದಲ್ಲ. ಪ್ರತಿ ಹೆಜ್ಜೆಗೂ ಆಯಾ ಹೊತ್ತಿನಲ್ಲಿ ತಕ್ಕ ಕಾರಣವಿತ್ತು. ಹಿಂದಿರುಗುವುದು ಕಷ್ಟವಾಗಿರುವುದೂ ಅದರಿಂದಲೇ.

ಬೇರು ಇರುವುದು ಸಂಭವನೀಯತೆಯ ಗಣಿತದಲ್ಲಿ. ವ್ಯವಹಾರಗಳ ಒಂದು ಕಂತೆಯೇ ಬ್ಲಾಕ್. ಅದನ್ನು ದಾಖಲಿಸುವ ಹಕ್ಕಿಗಾಗಿ ಯಂತ್ರಗಳು ಹ್ಯಾಶ್ ಎಂಬ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತ ಅದೃಷ್ಟ ಪರೀಕ್ಷಿಸುವುದೇ ಮೈನಿಂಗ್; ಗೆದ್ದ ಮೈನರ್‌ಗೆ ಬಿಟ್‌ಕಾಯಿನ್ ಬಹುಮಾನ. ಜಾಲದಲ್ಲಿ ಸರಾಸರಿ ಹತ್ತು ನಿಮಿಷಕ್ಕೊಂದರಂತೆ ದಿನಕ್ಕೆ ಸುಮಾರು 144 ಬ್ಲಾಕ್‌ಗಳು ಸಿಗುತ್ತವೆ. ಒಟ್ಟು ಹ್ಯಾಶ್ ಬಲದಲ್ಲಿ (ಈ ಲೆಕ್ಕ ಮಾಡುವ ಸಾಮರ್ಥ್ಯದಲ್ಲಿ) ಲಕ್ಷಕ್ಕೊಂದು ಪಾಲು ಇರುವವರು ಒಂದು ಬ್ಲಾಕ್‌ಗಾಗಿ ಸರಾಸರಿ 694 ದಿನ ಕಾಯಬೇಕು. ನಾಲ್ಕು ವರ್ಷ ಯಂತ್ರ ಓಡಿಸಿಯೂ ಬರಿಗೈಯಲ್ಲಿ ಉಳಿಯುವ ಸಾಧ್ಯತೆ ಹೆಚ್ಚುಕಡಿಮೆ ಎಂಟಕ್ಕೊಂದರಷ್ಟಿದೆ. ವಿದ್ಯುತ್ ಬಿಲ್ ಮಾತ್ರ ತಪ್ಪದೆ ಬರುತ್ತದೆ. 2010ರಲ್ಲಿ ಗ್ರಾಫಿಕ್ಸ್ ಕಾರ್ಡ್‌ಗಳು ಮೈನಿಂಗ್‌ಗೆ ಇಳಿದಾಗ ಸಾಮಾನ್ಯ ಕಂಪ್ಯೂಟರ್‌ನವರ ಪಾಡು ಹೀಗಾಯಿತು. ಆ ವರ್ಷದ ಕೊನೆಗೆ ಜೆಕ್ ಪ್ರೋಗ್ರಾಮರ್ ಮರೆಕ್ ಪಲಾಟಿನಸ್ ಮೊದಲ ಪೂಲನ್ನು ಆರಂಭಿಸಿದರು. ಅದೇ ಮುಂದೆ ಸ್ಲಶ್ ಪೂಲ್ ಎಂದು ಹೆಸರಾಯಿತು. ಎಲ್ಲರೂ ಒಟ್ಟಾಗಿ ಹುಡುಕುವುದು, ಸಿಕ್ಕಿದ್ದನ್ನು ದುಡಿಮೆಗೆ ತಕ್ಕಂತೆ ಹಂಚಿಕೊಳ್ಳುವುದು: ಸಣ್ಣವರ ಪಾಲಿಗೆ ಇದು ನಿಜಕ್ಕೂ ಆಸರೆಯಾಗಿತ್ತು.

ಆದರೆ ಇದರ ಜೊತೆಗೆ ಇನ್ನೊಂದು ಸಂಗತಿ ಸದ್ದಿಲ್ಲದೆ ಕೈ ಬದಲಾಯಿಸಿತು. ಬ್ಲಾಕ್‌ನಲ್ಲಿ ಯಾವ ವ್ಯವಹಾರ ಇರಬೇಕು, ಅದು ಹಿಂದಿನ ಬ್ಲಾಕ್‌ಗಳ ಯಾವ ಸರಪಳಿಯ ಮೇಲೆ ಕೂರಬೇಕು ಎಂಬುದನ್ನು ಪೂಲ್ ನಿರ್ಧರಿಸಿ ಮಾದರಿಯನ್ನು ಕಳುಹಿಸುತ್ತದೆ. ಮೈನರ್‌ನ ಯಂತ್ರ ಒಳಗೇನಿದೆ ಎಂದು ನೋಡದೆ ಹ್ಯಾಶ್ ಮಾಡುತ್ತದೆ. ಯಂತ್ರ ಅವರದ್ದು, ವಿದ್ಯುತ್ ಅವರದ್ದು, ಮತ ಮಾತ್ರ ಪೂಲಿನದ್ದು.

ಈ ಅಧಿಕಾರ ಎಷ್ಟು ದೊಡ್ಡದೆಂಬುದು 2013ರ ಮಾರ್ಚ್ 11ರ ರಾತ್ರಿ ಬಯಲಾಯಿತು. ಬಿಟ್‌ಕಾಯಿನ್ ತಂತ್ರಾಂಶದ 0.8ನೇ ಆವೃತ್ತಿ ಒಪ್ಪಿಕೊಂಡ ಒಂದು ದೊಡ್ಡ ಬ್ಲಾಕನ್ನು ಹಳೆಯ ಆವೃತ್ತಿಗಳು ತಿರಸ್ಕರಿಸಿದವು. ಹಳೆಯ ಡೇಟಾಬೇಸ್‌ಗಿದ್ದ, ಯಾರ ಗಮನಕ್ಕೂ ಬಂದಿರದ ಒಂದು ಮಿತಿ ಇದಕ್ಕೆ ಕಾರಣ. ಸರಪಳಿ ಎರಡಾಗಿ ಸೀಳಿತು. ಹೆಚ್ಚಿನ ಬಲ ಹೊಸ ಕವಲಿನಲ್ಲಿತ್ತು. ಬಳಕೆದಾರರಲ್ಲಿ ಬಹಳಷ್ಟು ಮಂದಿ ಹಳೆಯದರಲ್ಲಿದ್ದರು. ಅಭಿವೃದ್ಧಿಕಾರರು ಚಾಟ್ ಕೋಣೆಯಲ್ಲಿ ಸೇರಿ, ಬಿಟಿಸಿ ಗಿಲ್ಡ್ ಮತ್ತು ಸ್ಲಶ್ ಪೂಲ್‌ಗಳನ್ನು ಹಳೆಯ ಆವೃತ್ತಿಗೆ ಮರಳುವಂತೆ ಕೇಳಿಕೊಂಡರು. ಹೊಸ ಕವಲಿನಲ್ಲಿ ಗಳಿಸಿದ್ದ ಬ್ಲಾಕ್‌ಗಳನ್ನು ಕಳೆದುಕೊಳ್ಳುವುದು ಖಚಿತವಾಗಿದ್ದರೂ ಬಿಟಿಸಿ ಗಿಲ್ಡ್ ಮರಳಿತು. ಕೆಲವೇ ಗಂಟೆಗಳಲ್ಲಿ ಸರಪಳಿ ಒಂದಾಯಿತು. ಆ ನಿರ್ಧಾರವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೂ ಇಡೀ ಜಾಲದ ದಿಕ್ಕು ಒಂದೆರಡು ಪೂಲ್‌ಗಳ ನಿರ್ವಾಹಕರ ಸದ್ಬುದ್ಧಿಯ ಮೇಲೆ ನಿಂತಿತ್ತು ಎಂಬುದನ್ನು ಮರೆಯಲಾಗದು.

ಮರುವರ್ಷ ಆತಂಕ ತಾರಕಕ್ಕೇರಿತು. 2014ರ ಜೂನ್‌ನಲ್ಲಿ ಜಿಹ್ಯಾಶ್ ಡಾಟ್ ಐಒ ಎಂಬ ಪೂಲ್ ಅಲ್ಪಕಾಲ ಜಾಲದ ಅರ್ಧಕ್ಕಿಂತ ಹೆಚ್ಚು ಬಲವನ್ನು ಹಿಡಿದಿತ್ತು. ಅರ್ಧ ದಾಟಿದವರು ಪರರ ನಾಣ್ಯ ಕದಿಯಲಾರರು, ನಿಜ. ಆದರೆ ತಾವು ಮಾಡಿದ ಪಾವತಿಯನ್ನು ಹಿಂದಕ್ಕೆ ಪಡೆಯಬಲ್ಲರು, ಬೇಡವಾದವರ ವ್ಯವಹಾರಗಳನ್ನು ಹೊರಗಿಡಬಲ್ಲರು. ಅಭಿವೃದ್ಧಿಕಾರ ಪೀಟರ್ ಟಾಡ್ ತಮ್ಮ ಬಿಟ್‌ಕಾಯಿನ್‌ಗಳಲ್ಲಿ ಅರ್ಧವನ್ನು ಮಾರಿದ್ದಾಗಿ ಘೋಷಿಸಿದರು. ಮೈನರ್‌ಗಳು ಬೇರೆಡೆಗೆ ಹೊರಟರು, ಪೂಲ್ ಶೇ. 39.99ರ ಗೆರೆ ದಾಟುವುದಿಲ್ಲವೆಂದು ಮಾತು ಕೊಟ್ಟಿತು. ಆ ಗೆರೆಗೂ ವಿಶೇಷ ರಕ್ಷಣೆಯೇನಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಇಟ್ಟೈ ಎಯಾಲ್ ಮತ್ತು ಎಮಿನ್ ಗುನ್ ಸಿರೆರ್, ಮೂರನೇ ಒಂದಕ್ಕಿಂತ ಹೆಚ್ಚು ಬಲವಿದ್ದರೆ ಬ್ಲಾಕ್‌ಗಳನ್ನು ಬಚ್ಚಿಟ್ಟು ಅನ್ಯಾಯದ ಲಾಭ ಗಳಿಸಬಹುದೆಂದು 2013ರಲ್ಲೇ ತೋರಿಸಿದ್ದರು.

ಮುಂದೆ ಮೈನಿಂಗ್ ಬಹುಪಾಲು ಚೀನಾದಲ್ಲಿ ನೆಲೆಯೂರಿತು. 2021ರಲ್ಲಿ ಅಲ್ಲಿನ ಸರ್ಕಾರ ಅದನ್ನು ಹತ್ತಿಕ್ಕಿದಾಗ ಜಾಲದ ಬಲ ಕೆಲವೇ ವಾರಗಳಲ್ಲಿ ಸುಮಾರು ಅರ್ಧಕ್ಕೆ ಕುಸಿಯಿತು. ಯಂತ್ರಗಳು ಅಮೆರಿಕ, ಕಜಕಸ್ತಾನ ಮೊದಲಾದೆಡೆ ಹಂಚಿಹೋದವು. ಯಂತ್ರಗಳು ಚದುರಿದರೂ ಅಧಿಕಾರ ಚದುರಲಿಲ್ಲ. ಫೌಂಡ್ರಿ ಯುಎಸ್‌ಎ ಮತ್ತು ಆಂಟ್‌ಪೂಲ್ ಎಂಬ ಎರಡೇ ಪೂಲ್‌ಗಳು 2023ರ ಹೊತ್ತಿಗೆ ಸೇರಿ ಅರ್ಧದಷ್ಟು ಬ್ಲಾಕ್‌ಗಳನ್ನು ಕಟ್ಟತೊಡಗಿದ್ದವು.

ಯಾವ ಪೂಲಿನದ್ದು ಎಷ್ಟು ಪಾಲು ಎಂಬ ಪಟ್ಟಿಯಲ್ಲಿ ಕಾಣುವ ಶೇಕಡಾವಾರು ಕೂಡ ಪೂರ್ತಿ ಸತ್ಯ ಹೇಳುವುದಿಲ್ಲ. ಬ್ಲಾಕ್ ಸಿಗಲಿ ಬಿಡಲಿ, ಮಾಡಿದ ಕೆಲಸಕ್ಕೆಲ್ಲ ನಿಗದಿತ ಹಣ ಕೊಡುವ ಪದ್ಧತಿಯನ್ನು ಮೈನರ್‌ಗಳು ಇಷ್ಟಪಡುತ್ತಾರೆ. ಅದೃಷ್ಟ ಕೈಕೊಟ್ಟ ವಾರಗಳಲ್ಲೂ ಹಾಗೆ ಹಣ ಕೊಡಲು ಭಾರೀ ಮೂಲಧನ ಬೇಕು. ಸಣ್ಣ ಪೂಲ್‌ಗಳಲ್ಲಿ ಅದಿಲ್ಲ. ಹಾಗಾಗಿ ಅವು ದೊಡ್ಡವರ ನೆರಳು ಸೇರುತ್ತವೆ. ಬೇರೆ ಬೇರೆ ಹೆಸರಿನ ಹಲವು ಪೂಲ್‌ಗಳು ಆಂಟ್‌ಪೂಲ್‌ನದ್ದೇ ಬ್ಲಾಕ್ ಮಾದರಿಯನ್ನು ಹಂಚುತ್ತಿರುವುದನ್ನು 2024ರಲ್ಲಿ ಸಂಶೋಧಕರು ಗುರುತಿಸಿದರು. ಹತ್ತು ಹೆಸರುಗಳಿದ್ದು ಮಾದರಿ ಒಂದೇ ಆದರೆ ಅದನ್ನು ವಿಕೇಂದ್ರೀಕರಣ ಎನ್ನಲಾಗದು.

ಪೂಲ್‌ಗಳು ಬೇಡವಾದವರ ವ್ಯವಹಾರಗಳನ್ನು ಹೊರಗಿಟ್ಟಾವು ಎಂಬುದು ಬರೀ ಊಹೆಯ ಭಯವಲ್ಲ. ಅಮೆರಿಕದ ನಿರ್ಬಂಧ ಪಟ್ಟಿಯಲ್ಲಿದ್ದವರ ವ್ಯವಹಾರಗಳನ್ನು ಬಿಟ್ಟು ಸೋಸಿದ ಬ್ಲಾಕ್‌ಗಳನ್ನು ಮ್ಯಾರಥಾನ್ ಕಂಪನಿಯ ಪೂಲ್ 2021ರ ಮೇ ತಿಂಗಳಲ್ಲಿ ಕಟ್ಟಿತು. ವಿರೋಧ ಬಂದಾಗ ಅದೇ ತಿಂಗಳು ಕೈಬಿಟ್ಟಿತು. 2023ರಲ್ಲಿ ಎಫ್‌2ಪೂಲ್ ಕೂಡ ಹೀಗೆ ಸೋಸಿದ್ದು ಪತ್ತೆಯಾಯಿತು.

ಪರಿಹಾರದ ಯತ್ನಗಳಿಗೂ ಇಷ್ಟೇ ವಯಸ್ಸು. 2011ರಲ್ಲೇ ಬಂದ ಪಿ2ಪೂಲ್‌ನಲ್ಲಿ ಪ್ರತಿಯೊಬ್ಬರೂ ತಮ್ಮ ಬ್ಲಾಕನ್ನು ತಾವೇ ಕಟ್ಟುತ್ತಿದ್ದರು. ಆದಾಯದ ಏರಿಳಿತ, ಚಿಲ್ಲರೆ ಪಾವತಿಗಳ ಕಾಟದಿಂದ ಅದು ಸೊರಗಿತು. ಬಳಿಕ ಬಂದ ಸ್ಟ್ರಾಟಮ್ ವಿ2, 2024ರಲ್ಲಿ ಓಷನ್ ಪೂಲ್ ಹೊರತಂದ ಡೇಟಮ್ (ಎರಡೂ ಪೂಲ್ ಮತ್ತು ಮೈನರ್ ನಡುವಿನ ಸಂವಹನದ ನಿಯಮಾವಳಿಗಳು) ಬೇರೆ ದಾರಿ ಹಿಡಿದಿವೆ: ಆದಾಯ ಹಂಚುವ ಕೆಲಸ ಪೂಲಿನದ್ದಾಗಿರಲಿ, ವ್ಯವಹಾರಗಳನ್ನು ಆರಿಸುವುದು ಮೈನರ್‌ಗೆ ಮರಳಲಿ. ನನಗೆ ಹೆಚ್ಚು ಭರವಸೆ ಹುಟ್ಟಿಸುವುದು ಇದೇ, ಏಕೆಂದರೆ ಇದು ಸಣ್ಣವರ ಆದಾಯದ ಅಗತ್ಯವನ್ನು ಅಲ್ಲಗಳೆಯುವುದಿಲ್ಲ. ಆದರೆ ಇದಕ್ಕೆ ಮೈನರ್ ಸ್ವಂತ ನೋಡ್, ಅಂದರೆ ವ್ಯವಹಾರಗಳನ್ನು ತಾನೇ ಪರಿಶೀಲಿಸುವ ಬಿಟ್‌ಕಾಯಿನ್ ಕಂಪ್ಯೂಟರ್, ನಡೆಸಬೇಕು, ಅದನ್ನು ಸದಾ ಸುಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕು. ಸಾವಿರಾರು ಯಂತ್ರಗಳ ಕಂಪನಿಗಳಿಗೆ ಅದು ದೊಡ್ಡ ಖರ್ಚಲ್ಲ. ಮೊದಲು ಬದಲಾಗಬೇಕಾದವರೂ ಅವರೇ.