ಗಲಾಟೆ ಮುಗಿದ ಮೇಲಿನ ಹೊಟ್ಟೆನೋವು

ಶಾಲೆಯ ಬಸ್ಸಿನ ಹೊತ್ತಿಗೆ ಸರಿಯಾಗಿ ಮಗುವಿಗೆ ಹೊಟ್ಟೆನೋವು, ಭಾನುವಾರ ಮಾತ್ರ ಇಲ್ಲ. ದೊಡ್ಡವರು ‘ನಾಟಕ’ ಎಂದುಬಿಡುತ್ತಾರೆ. ಹೊಡೆದಾಟ ಕಂಡ ಮಗುವಾದರೆ ಹಾಗೆನ್ನುವ ಮೊದಲು ಯೋಚಿಸಬೇಕು. ಭಯವಾದಾಗ ಮಿದುಳಿನಲ್ಲಿ ಅಪಾಯವನ್ನು ಗುರುತಿಸುವ ಅಮಿಗ್ಡಲಾ ಎಂಬ ಭಾಗ ದೇಹವನ್ನು ಎಚ್ಚರಿಸುತ್ತದೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಮೊದಲು ಅಡ್ರಿನಲಿನ್, ಕೆಲವು ನಿಮಿಷ ಬಿಟ್ಟು ಕಾರ್ಟಿಸಾಲ್ ಎಂಬ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಎದೆ ಹೊಡೆದುಕೊಳ್ಳುತ್ತದೆ, ಜೀರ್ಣಾಂಗಗಳಿಗೆ ರಕ್ತ ಕಡಿಮೆಯಾಗುತ್ತದೆ. ನೋವು ನಿಜವಾದದ್ದೇ.

ಒಂದು ಸಲವಾದರೆ ದೇಹ ತಾನೇ ಸುಧಾರಿಸಿಕೊಳ್ಳುತ್ತದೆ. ದಿನವೂ ಆದರೆ ಕಷ್ಟ. 2022ರ ಫೆಬ್ರವರಿಯಲ್ಲಿ ಶಿವಮೊಗ್ಗದಲ್ಲಿ ಗಲಭೆಯಾಗಿ ಶಾಲೆಗಳು ಮುಚ್ಚಿದ್ದು ಊರಿಗೆಲ್ಲ ಗೊತ್ತು. ಅಡಿಕೆ ತೋಟದ ನಡುವಿನ ಒಂಟಿಮನೆಯಲ್ಲಿ ಅಪ್ಪ ಕುಡಿದು ಬಂದು ಅಮ್ಮನಿಗೆ ಹೊಡೆಯುವುದು ಯಾರ ಕಿವಿಗೂ ಬೀಳುವುದಿಲ್ಲ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಓಡಿಹೋಗಲು ಪಕ್ಕದ ಮನೆಯೂ ಹತ್ತಿರವಿಲ್ಲ. ಅಂಥ ಮಗು ಬೈಕ್ ನಿಲ್ಲಿಸುವ ಸದ್ದಿನಲ್ಲೇ ಅಪ್ಪ ಇವತ್ತು ಹೇಗಿದ್ದಾನೆಂದು ಅಳೆಯುತ್ತದೆ. ಆ ಕಾವಲು ತರಗತಿಗೂ ಬರುತ್ತದೆ: ಯಾರೋ ಬಾಗಿಲು ಬಡಿದರೆ ಬೆಚ್ಚುತ್ತದೆ, ಮಗ್ಗಿ ಮರೆಯುತ್ತದೆ. ‘ಗಮನ ಇಲ್ಲ’ ಎಂದು ಟೀಚರ್ ಬರೆಯುತ್ತಾರೆ. ಗಮನವೆಲ್ಲ ಬಾಗಿಲ ಕಡೆಗಿದೆ.

ಐದಾರು ವರ್ಷದವರು ಬಿಟ್ಟಿದ್ದ ಅಭ್ಯಾಸಕ್ಕೆ ಮರಳಿ ಹಾಸಿಗೆ ಒದ್ದೆ ಮಾಡುತ್ತಾರೆ, ಕಂಡದ್ದನ್ನೇ ಆಟದಲ್ಲಿ ಮತ್ತೆ ಮತ್ತೆ ಆಡುತ್ತಾರೆ. ಸ್ವಲ್ಪ ದೊಡ್ಡವರು ಎಲ್ಲ ತನ್ನಿಂದಲೇ ಆಯಿತೆಂದುಕೊಳ್ಳುವುದುಂಟು. ಹದಿಹರೆಯದಲ್ಲಿ ಅದೇ ಭಯ ಸಿಟ್ಟಾಗಿ, ನಶೆಯಾಗಿ ಹೊರಬರಬಹುದು. ದುಡುಕನ್ನು ತಡೆಯುವ ಮಿದುಳಿನ ಮುಂಭಾಗ ಬಲಿಯಲು ಇಪ್ಪತ್ತು ದಾಟಬೇಕು.

ನೆಂಟರೆದುರು ಕೂರಿಸಿ ‘ಏನು ನೋಡಿದೆ, ಹೇಳು’ ಎಂದು ಕೆದಕಬೇಡಿ. ಒತ್ತಾಯದಿಂದ ಹೇಳಿಸಿದರೆ ಭಯ ಇನ್ನಷ್ಟು ಗಟ್ಟಿಯಾಗಬಹುದು. ತಾನಾಗಿ ಹೇಳಿದಾಗ ಕೇಳಿಸಿಕೊಳ್ಳಿ. ನಡೆದದ್ದನ್ನು ಎರಡು ಮಾತಿನಲ್ಲಿ, ಸುಳ್ಳು ಸೇರಿಸದೆ ತಿಳಿಸಿ. ವಾಟ್ಸಾಪ್‌ನ ಗಲಭೆ ವಿಡಿಯೊಗಳನ್ನು ಮಗುವಿನ ಕಣ್ಣಿಗೆ ಬೀಳಿಸಬೇಡಿ. ಊಟ, ನಿದ್ದೆ, ಶಾಲೆ ಹಳೆಯ ಹೊತ್ತಿಗೇ ನಡೆಯಲಿ. ಹಾಸಿಗೆ ಒದ್ದೆಯಾದರೆ ಬೈಯದೆ ಬದಲಿಸಿ. ಅಜ್ಜಿ ದೃಷ್ಟಿ ತೆಗೆದರೆ ತೆಗೆಯಲಿ, ಅದರಿಂದ ನಷ್ಟವಿಲ್ಲ.

ತಿಂಗಳಾದರೂ ಕೆಟ್ಟ ಕನಸು, ಬೆಚ್ಚುವಿಕೆ, ಶಾಲೆಯ ಭಯ ಇಳಿಯದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ತೋರಿಸಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ.

ಹೊಡೆತ ಮನೆಯಲ್ಲೇ ನಡೆಯುತ್ತಿದ್ದರೆ ಇದ್ಯಾವುದೂ ಸಾಲದು. ಅಪ್ಪನನ್ನು ಶಾಲೆಗೆ ಕರೆಸಿ ಬುದ್ಧಿ ಹೇಳಿದರೆ ಅದರ ಸಿಟ್ಟು ಆ ರಾತ್ರಿ ಮಗುವಿನ ಬೆನ್ನ ಮೇಲೇ ತೀರಬಹುದು. ಮೊದಲು ಮಕ್ಕಳ ಸಹಾಯವಾಣಿ 1098, ಅಪ್ಪನ ಜೊತೆ ಮಾತು ಆಮೇಲೆ.