1 ವಾರ ನಂಬರ್ ಒನ್, 900 ವಾರ ಪಟ್ಟಿಯಲ್ಲಿ

ಪಿಂಕ್ ಫ್ಲಾಯ್ಡ್ ಎಂಬ ಬ್ರಿಟಿಷ್ ತಂಡದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಆಲ್ಬಮ್ ಬಂದದ್ದು 1973ರ ಮಾರ್ಚ್‌ನಲ್ಲಿ. ಅಮೆರಿಕದ 'ಬಿಲ್‌ಬೋರ್ಡ್' ಪತ್ರಿಕೆ ವಾರವಾರ ಹಾಕುವ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಲ್ಲಿ ಅದು ಮೊದಲನೇ ಸ್ಥಾನದಲ್ಲಿ ಇದ್ದದ್ದು ಒಂದೇ ಒಂದು ವಾರ. ಆದರೆ ಮೊದಲ 200ರೊಳಗೆ ಅದು ಇದ್ದ ವಾರಗಳನ್ನೆಲ್ಲ ಕೂಡಿಸಿದರೆ 900 ದಾಟುತ್ತದೆ. ಅದಕ್ಕಿಂತ ಹೆಚ್ಚು ವಾರ ಬೇರೆ ಯಾವ ಆಲ್ಬಮ್ಮೂ ನಿಂತಿಲ್ಲ. ಮೈಕಲ್ ಜಾಕ್ಸನ್‌ನ 'ಥ್ರಿಲ್ಲರ್' 37 ವಾರ ತುದಿಯಲ್ಲಿತ್ತು, ಆದರೂ ಒಟ್ಟು ವಾರಗಳ ಲೆಕ್ಕದಲ್ಲಿ ಅದು ಹಿಂದೆಯೇ ಉಳಿದಿದೆ.

ಇಂಥ ದಾಖಲೆ ಯಾಕೆ ಆಗುತ್ತದೆ ಅಂತ ಕೇಳಿದರೆ ನಮ್ಮ ಕಡೆ ಎರಡು ಉತ್ತರ ಸಿಗುತ್ತವೆ. ಕಬ್ಬಿನ ಹಂಗಾಮು ಶುರುವಾದರೆ ಸಾಕು, ಮುಧೋಳ, ಜಮಖಂಡಿ ರಸ್ತೆಯಲ್ಲಿ ಹೋಗುವ ಟ್ರ್ಯಾಕ್ಟರುಗಳಲ್ಲೆಲ್ಲ ಒಂದೇ ಹಾಡು. ನೂರಾರು ಜನಪದ ಹಾಡು ಯೂಟ್ಯೂಬಿಗೆ ಬಂದಿರುತ್ತವೆ, ಇದೊಂದೇ ಯಾಕೆ? 'ಹಾಡು ಅಷ್ಟು ಚಲೋ ಐತಿ' ಅಂತ ಒಬ್ಬರು. 'ಹಣೆಬರಹ, ಬಿಡುಗಡೆ ಮಾಡಿದ ಮುಹೂರ್ತ ಹಾಂಗಿತ್ತು' ಅಂತ ಇನ್ನೊಬ್ಬರು. ಈ ಎರಡನೇ ಮಾತು ಕೇಳಿದಾಗ ನನಗೆ ನಿಜಕ್ಕೂ ಕಳವಳ ಆಗುತ್ತದೆ. ಅದೇ ಮುಹೂರ್ತದಲ್ಲಿ ಬಂದು ಯಾರೂ ಕೇಳದೆ ಹೋದ ಹಾಡುಗಳ ಲೆಕ್ಕ ಇಟ್ಟವರು ಯಾರು? ಗೆದ್ದ ಹಾಡಿನವರು ಜ್ಯೋತಿಷಿಗೆ ಶಾಲು ಹೊದಿಸುತ್ತಾರೆ, ಸೋತವರು ಸುಮ್ನೆ ಮನೆಗೆ ಹೋಗುತ್ತಾರೆ. ಹೀಗಾಗಿ ಮುಹೂರ್ತ ಯಾವಾಗಲೂ ಗೆದ್ದಂತೆಯೇ ಕಾಣುತ್ತದೆ.

ಮೊದಲನೇ ಉತ್ತರವೂ ಅರ್ಧ ಮಾತ್ರ ಸರಿ. ಇದನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ. ಅಮೆರಿಕದಲ್ಲಿದ್ದ ಸಂಶೋಧಕರಾದ ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಹೆಸರೇ ಕೇಳಿರದ ತಂಡಗಳ 48 ಹಾಡು, 14 ಸಾವಿರಕ್ಕೂ ಹೆಚ್ಚು ಕೇಳುಗರು. ಕೆಲವರಿಗೆ ಬರೀ ಹಾಡುಗಳನ್ನು ತೋರಿಸಿದರು. ಉಳಿದವರನ್ನು ಎಂಟು ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ ಎಂಬ ಸಂಖ್ಯೆಯನ್ನೂ ತೋರಿಸಿದರು. ಎಂಟೂ ಗುಂಪುಗಳ ಲೆಕ್ಕ ಸೊನ್ನೆಯಿಂದಲೇ ಶುರು. ಹಾಡುಗಳೂ ಅವೇ. ಅಂದರೆ ಒಂದೇ ಜಗತ್ತನ್ನು ಎಂಟು ಸಲ ಹೊಸದಾಗಿ ಓಡಿಸಿ ನೋಡಿದ ಹಾಗೆ! ಸಂಖ್ಯೆ ನೋಡದೆ ಆರಿಸಿದವರು 26ನೇ ಸ್ಥಾನ ಕೊಟ್ಟ ಒಂದು ಹಾಡು ಒಂದು ಗುಂಪಿನಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ 40ನೆಯದಾಯಿತು. ತುಂಬಾ ಚೆನ್ನಾಗಿದ್ದವು ತೀರಾ ಕೆಳಗೆ ಬಿದ್ದದ್ದು ಅಪರೂಪ, ತೀರಾ ಸಪ್ಪೆ ಇದ್ದವು ಮೇಲೆ ಬಂದದ್ದೂ ಅಪರೂಪ. ನಡುವಿನವುಗಳ ಪಾಡು ಮಾತ್ರ ಹೇಳಲು ಬರುವಂತಿರಲಿಲ್ಲ.

ಇದರ ಹಿಂದಿನ ಗಣಿತ ನನಗೆ ಬಹಳ ಇಷ್ಟ, ಅದನ್ನು ಪೂರ್ತಿ ಹೇಳಿಯೇ ಬಿಡುತ್ತೇನೆ. ಒಂದು ಗಡಿಗೆ ತಗೊಳ್ಳಿ. ಒಳಗೆ ಒಂದು ಬಿಳಿ ಜೋಳದ ಕಾಳು, ಒಂದು ಕೆಂಪು ಜೋಳದ ಕಾಳು. ಕಣ್ಣು ಮುಚ್ಚಿ ಒಂದನ್ನು ತೆಗೆಯಿರಿ. ಬಿಳಿ ಬಂತಾ? ಅದನ್ನು ವಾಪಸ್ ಹಾಕಿ, ಜೊತೆಗೆ ಇನ್ನೊಂದು ಬಿಳಿ ಹಾಕಿ. (ಕೆಂಪು ಬಂದಿದ್ದರೆ ಹೀಗೇ ಇನ್ನೊಂದು ಕೆಂಪು.) ಈಗ ಎರಡು ಬಿಳಿ, ಒಂದು ಕೆಂಪು. ಮುಂದಿನ ಸಲ ಬಿಳಿಯೇ ಸಿಗುವ ಸಂಭವ ಮೂರರಲ್ಲಿ ಎರಡು. ಹೀಗೆ 98 ಸಲ ಮಾಡಿದರೆ ಗಡಿಗೆಯಲ್ಲಿ 100 ಕಾಳು. ಬಿಳಿ ಎಷ್ಟಿರಬಹುದು? ಅರ್ಧಕ್ಕರ್ಧ ಅಂತ ಯಾರಿಗಾದರೂ ಅನಿಸುತ್ತದೆ. 98 ಸಲ ನಾಣ್ಯ ಚಿಮ್ಮಿದ್ದರೆ ಅದು ಸರಿಯೇ. ಗಡಿಗೆಯಲ್ಲಿ ಹಾಗಲ್ಲ. ಬಿಳಿ 1 ಇರಬಹುದು, 50 ಇರಬಹುದು, 99 ಇರಬಹುದು, ಎಲ್ಲಕ್ಕೂ ಸಂಭವ ಒಂದೇ, 99ರಲ್ಲಿ ಒಂದು! ಕಾಳಿನಲ್ಲಿ ಯಾವ ಹೆಚ್ಚುಗಾರಿಕೆಯೂ ಇಲ್ಲ, ಆದರೂ ಒಂದು ಬಣ್ಣ ಗಡಿಗೆಯನ್ನೇ ಆಳಬಹುದು. ಇನ್ನೊಂದು ವಿಷಯ ಗಮನಿಸಿ. ಮೊದಲು ಸೇರುವ ಒಂದು ಕಾಳು ಪಾಲನ್ನು ಅರ್ಧದಿಂದ ಮೂರರಲ್ಲಿ ಎರಡಕ್ಕೆ ಏರಿಸುತ್ತದೆ. ಗಡಿಗೆಯಲ್ಲಿ ಹತ್ತು ಸಾವಿರ ಕಾಳು ಆದ ಮೇಲೆ ಒಂದು ಕಾಳು ಸೇರಿದರೆ ಏನೂ ಆಗುವುದಿಲ್ಲ. ಶುರುವಿನ ಅದೃಷ್ಟ ಅಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ. ಹಂಗೇರಿಯ ಗಣಿತಜ್ಞ ಜಾರ್ಜ್ ಪೋಲ್ಯಾ 1923ರಲ್ಲಿ ಸಹಲೇಖಕರೊಬ್ಬರ ಜೊತೆ ಈ ಲೆಕ್ಕವನ್ನು ಪ್ರಕಟಿಸಿದಾಗ ಅವರ ತಲೆಯಲ್ಲಿದ್ದದ್ದು ಹಾಡಲ್ಲ, ಅಂಟುರೋಗ. ಒಬ್ಬರಿಂದ ಇನ್ನೊಬ್ಬರಿಗೆ ಹರಡುವ ಯಾವುದಕ್ಕಾದರೂ ಅದು ಹೊಂದುತ್ತದೆ, ಅಲ್ವಾ?

ಇದರಿಂದ ಒಂದು ಆಲ್ಬಮ್ ಹೇಗೆ ಮೇಲೇರುತ್ತದೆ ಅನ್ನುವುದು ತಿಳಿಯಿತು. 900 ವಾರ ಹೇಗೆ ಅನ್ನುವುದಕ್ಕೆ ಎಣಿಸುವವರ ಕಡೆ ನೋಡಬೇಕು. ಪಿಂಕ್ ಫ್ಲಾಯ್ಡ್ ಆಲ್ಬಮ್ 1988ರ ಹೊತ್ತಿಗೇ 700 ವಾರ ದಾಟಿ ಪಟ್ಟಿಯಿಂದ ಇಳಿದಿತ್ತು. ಆಮೇಲೆ ಹಳೆಯ ಆಲ್ಬಮ್‌ಗಳಿಗೆ ಬೇರೆ ಪಟ್ಟಿ ಮಾಡಿದರು, ಮುಖ್ಯ ಪಟ್ಟಿಗೆ ಬಿಡಲಿಲ್ಲ. 2009ರ ಕೊನೆಯಲ್ಲಿ ಆ ನಿಯಮ ತೆಗೆದರು. 2014ರ ಡಿಸೆಂಬರ್‌ನಿಂದ ಇಂಟರ್ನೆಟ್‌ನಲ್ಲಿ ಕೇಳಿದ್ದನ್ನೂ ಎಣಿಸಿದರು, ಆಗ 1,500 ಸಲ ಕೇಳಿದರೆ ಒಂದು ಆಲ್ಬಮ್ ಮಾರಿದ ಲೆಕ್ಕವಾಗಿತ್ತು. ಇದು ದೊಡ್ಡ ಬದಲಾವಣೆ. ಅಂಗಡಿಯಲ್ಲಿ ಒಂದು ರೆಕಾರ್ಡ್ ಕೊಂಡವರು ಒಂದು ಸಲ ಮಾತ್ರ ಲೆಕ್ಕಕ್ಕೆ ಬರುತ್ತಿದ್ದರು. ಮನೆಯಲ್ಲಿ ಮೂವತ್ತು ವರ್ಷ ಕೇಳಿದರೂ ಪಟ್ಟಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಈಗ ಪ್ರತಿ ಸಲ ಕೇಳಿದ್ದೂ ಲೆಕ್ಕ. ಜನರ ರುಚಿ ಬದಲಾಗದಿದ್ದರೂ ಹಳೆಯ ಆಲ್ಬಮ್‌ಗಳು ಪಟ್ಟಿಯಲ್ಲಿ ಜಾಸ್ತಿ ಕಾಣುತ್ತವೆ.

ಇದಕ್ಕೂ ಮುಂಚೆ 1991ರಲ್ಲೂ ಹೀಗೇ ಆಗಿತ್ತು. ಅಲ್ಲಿಯ ತನಕ ಅಂಗಡಿಯವರು ಹೇಳಿದ್ದೇ ಲೆಕ್ಕ. ಆ ವರ್ಷದ ಮೇ ತಿಂಗಳಿಂದ ಬಾರ್‌ಕೋಡ್ ಓದುವ ಯಂತ್ರ ಹೇಳಿದ್ದು ಲೆಕ್ಕವಾಯಿತು. ಸೆಪ್ಟೆಂಬರ್‌ನಲ್ಲಿ ಗಾರ್ತ್ ಬ್ರೂಕ್ಸ್ ಎಂಬ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಸಂಗೀತ) ಗಾಯಕನ ಆಲ್ಬಮ್ ನೇರವಾಗಿ ಮೊದಲನೇ ಸ್ಥಾನಕ್ಕೇ ಬಂದು ಕೂತಿತು, ಕಂಟ್ರಿ ಸಂಗೀತಕ್ಕೆ ಅದೇ ಮೊದಲು. ಅವರ ಕೇಳುಗರು ಮೊದಲೂ ಇದ್ದರು, ಎಣಿಸುವವರ ಕಣ್ಣಿಗೆ ಬಿದ್ದಿರಲಿಲ್ಲ. ನಮ್ಮಲ್ಲಿ ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ, ಬನಶಂಕರಿ ಜಾತ್ರೆಯಲ್ಲಿ ಮಾರಿದ ಡೊಳ್ಳಿನ ಪದ, ಗೀಗೀ ಪದಗಳ ಕ್ಯಾಸೆಟ್ಟುಗಳಿಗೆ ಆ ಭಾಗ್ಯವೂ ಬರಲಿಲ್ಲ. ಮಾರಿದ್ದರಲ್ಲಿ ನಕಲು ಎಷ್ಟು, ಅಸಲು ಎಷ್ಟು ಯಾರೂ ಬರೆದಿಡಲಿಲ್ಲ. ನಮ್ಮ ಹಾಡುಗಳ ಚರಿತ್ರೆಗೆ ಇದು ದೊಡ್ಡ ನಷ್ಟ ಅಂತಲೇ ನನ್ನ ಅಭಿಪ್ರಾಯ.

ಲೆಕ್ಕ ಉಳಿದದ್ದು ಸಿನಿಮಾದ್ದು. ಬಾಗಲಕೋಟೆ ಜಿಲ್ಲೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿ ಹಾಡಿದ 'ಕಿಸ್ಮತ್' 1943ರಲ್ಲಿ ಬಂದು, ಕಲ್ಕತ್ತದ ರಾಕ್ಸಿ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಜಾಸ್ತಿ ಓಡಿತು. ಇಷ್ಟನೇ ವಾರ ಅಂತ ಹೊರಗೆ ಬೋರ್ಡು ಹಾಕಿದರೆ ಅದೂ ಗಡಿಗೆಗೆ ಒಂದು ಕಾಳು ಹಾಕಿದ ಹಾಗೆಯೇ. ಅಮೀರಬಾಯಿಯ ದನಿ ಸಪ್ಪೆ ಇದ್ದಿದ್ದರೆ ಬರೀ ಬೋರ್ಡು ಮೂರು ವರ್ಷ ಎಳೆಯುತ್ತಿರಲಿಲ್ಲ, ಅದೂ ನಿಜ.

ಈಗ ನಮ್ಮ ಹುಡುಗರು ಕೆಲವರು ದುಡ್ಡು ಕೊಟ್ಟು ಸುಳ್ಳು ವ್ಯೂಸ್ ಕೊಳ್ಳುತ್ತಾರೆ. ಗಡಿಗೆಗೆ ಮೊದಲೇ ಒಂದು ಹಿಡಿ ಕಾಳು ಸುರಿದಂತೆ. ಸಾಲ್ಗನಿಕ್ ಮತ್ತು ವಾಟ್ಸ್ ಅದನ್ನೂ ಮಾಡಿ ನೋಡಿ 2008ರಲ್ಲಿ ಪ್ರಕಟಿಸಿದರು. ಪಟ್ಟಿಯನ್ನು ತಲೆಕೆಳಗು ಮಾಡಿ, ಕೊನೆಯ ಹಾಡೇ ಮೊದಲನೆಯದು ಅಂತ ತೋರಿಸಿದರು. ಬಹಳಷ್ಟು ಹಾಡುಗಳಲ್ಲಿ ಸುಳ್ಳೇ ನಿಜವಾಯಿತು. ಆದರೆ ಅತಿ ಒಳ್ಳೆಯ ಕೆಲವು ಹಾಡುಗಳು ನಿಧಾನಕ್ಕೆ ಮೇಲೆ ಹತ್ತಿಕೊಂಡು ಬಂದವು. ಒಟ್ಟಾರೆ ಜನ ಹಾಡು ಇಳಿಸಿಕೊಳ್ಳುವುದೇ ಕಡಿಮೆಯಾಯಿತು.